ಗೂಬೆಗೂ ತೊರಕೆಗೂ ಕುಸ್ತಿ ಹಚ್ಚಿದರೆ?

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು. ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಪ್ರತಿ ಪುಟದಲ್ಲಿ ಎರಡು ಪ್ರಾಣಿ, ನಡುವೆ ಒಂದು ಗೆರೆ. ಯಾವುದು ದೊಡ್ಡದು, ಯಾವುದು ಜೋರು, ಜಗಳ ಬಿದ್ದರೆ ಯಾರು ಗೆಲ್ಲುತ್ತಾರೆ ಅಂತ ಬರೆಯುತ್ತಾನೆ. ಹುಲಿ-ಸಿಂಹ, ಮೊಸಳೆ-ಹೆಬ್ಬಾವು ಎಲ್ಲ ಮುಗಿದು ಈಗ ಗೂಬೆ-ತೊರಕೆ ಪುಟಕ್ಕೆ ಬಂದು ನಿಂತಿದ್ದಾನೆ. ರಜೆಯಲ್ಲಿ ಗೋವಾಕ್ಕೆ ಹೋದಾಗ ಬಲೆಗೆ ಬಿದ್ದ ತೊರಕೆ (ಚಪ್ಪಟೆ ಮೈಯ ಸಮುದ್ರದ ಮೀನು, ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ) ನೋಡಿದ್ದ. ಗೂಬೆಯಂತೂ ನಮ್ಮ ಹಳೇ ಮನೆಯ ಅಟ್ಟದಲ್ಲೇ ಇದೆ, ಬಿಳಿ ಮುಖದ್ದು. ಅದನ್ನು ಓಡಿಸಿ ಅಂತ ನಮ್ಮ ಅತ್ತೆಯವರು ದಿನಾ ಹೇಳುತ್ತಾರೆ. ಇವೆರಡನ್ನು ಹೋಲಿಸಲಿಕ್ಕಾದರೂ ಬರುತ್ತದಾ? ಎರಡೂ ಅಪಾಯವಾ? ಆಲಮಟ್ಟಿ ಹಿನ್ನೀರಿಗೆ ತೊರಕೆ ಬರುತ್ತದಾ ಅಂತಲೂ ಕೇಳುತ್ತಾನೆ. — ಒಬ್ಬ ತಾಯಿ, ಬಾಗಲಕೋಟೆ

ಉತ್ತರ:

ತಾಯಿಯವರೇ, ನಮ್ಮ ಕಡೆ ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಚ್ಚುವ ಹಿರಿಯರು ಮೊದಲು ಇಬ್ಬರ ಮೈಕಟ್ಟು ನೋಡುತ್ತಾರೆ. ಈ ಜೋಡಿ ಅಲ್ಲೇ ಮುರಿದು ಬೀಳುತ್ತದೆ. ನಿಮ್ಮ ಅಟ್ಟದಲ್ಲಿರುವ ಬಿಳಿ ಮುಖದ್ದು ಕಣಜ ಗೂಬೆ. ವಿಜ್ಞಾನದ ಹೆಸರು ಟೈಟೋ ಆಲ್ಬಾ. (ನಮ್ಮ ಕಡೆಯದನ್ನು ಈಗ ಕೆಲವರು ಬೇರೆ ಜಾತಿ ಅಂತ ಎಣಿಸಿ ಟೈಟೋ ಜವಾನಿಕಾ ಅನ್ನುತ್ತಾರೆ. ಹುಡುಗನ ನೋಟ್‌ಬುಕ್ಕಿಗೆ ಯಾವುದಾದರೂ ನಡೆದೀತು.) ಅದರ ತೂಕ ಅರ್ಧ ಕಿಲೋ ಆಸುಪಾಸು. ರೆಕ್ಕೆ ಬಿಚ್ಚಿದರೆ ಹೆಚ್ಚುಕಮ್ಮಿ ಮೂರಡಿ ಕಾಣುತ್ತದೆ, ಆದರೆ ಕೈಗೆತ್ತಿಕೊಂಡರೆ ಬರೀ ಪುಕ್ಕ.

ತೊರಕೆಯಲ್ಲಿ ನೂರಾರು ಜಾತಿ. ನಾನು ಒಂದನ್ನು ಆರಿಸಿಕೊಳ್ಳುತ್ತೇನೆ: ಪ್ಯಾಸ್ಟಿನೇಕಸ್ ಸೆಫೆನ್. ನಮ್ಮ ಅರಬ್ಬಿ ಸಮುದ್ರದ್ದೇ. ಮೇಲೆ ಕಪ್ಪಗೆ ಕಂದು, ಕೆಳಗೆ ಬಿಳಿ. ಬಾಲದ ಕೆಳಭಾಗಕ್ಕೆ ಬಾವುಟದ ಹಾಗೆ ಒಂದು ಚರ್ಮದ ಪಟ್ಟಿ ಅಂಟಿಕೊಂಡಿರುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ 'ಕೌಟೇಲ್', ಹಸುವಿನ ಬಾಲದ್ದು ಅಂತ ಹೆಸರು. ಬೆಳೆದರೆ ಅಗಲ 1.8 ಮೀಟರ್, ತೂಕ 250 ಕಿಲೋವರೆಗೆ ಹೋಗುತ್ತದೆ ಅನ್ನುವ ಲೆಕ್ಕವಿದೆ. ಅಂದರೆ ಐನೂರು ಗೂಬೆ ಒಂದು ತಕ್ಕಡಿಯಲ್ಲಿ ಕೂತರೆ ಒಂದು ತೊರಕೆಗೆ ಸಮ. ಒಂದು ನೀರಿನ ತಳದಲ್ಲಿ, ಇನ್ನೊಂದು ಗಾಳಿಯಲ್ಲಿ. ಜಗಳ ಬೀಳಲಿಕ್ಕೆ ಇಬ್ಬರೂ ಒಂದು ಕಡೆ ಸೇರಬೇಕಲ್ವಾ? ಸೇರುವುದೇ ಇಲ್ಲ. ಆ ಕಾಲಮಿನಲ್ಲಿ 'ಕುಸ್ತಿ ರದ್ದು' ಅಂತ ಬರೆಯಲಿ.

ಆದರೆ ಹೋಲಿಸಲಿಕ್ಕೆ ಬರುತ್ತದಾ ಅಂತ ಕೇಳಿದಿರಲ್ಲ, ಅದಕ್ಕೆ ಧಾರಾಳವಾಗಿ ಹೂಂ ಅನ್ನುತ್ತೇನೆ. ಹುಲಿ-ಸಿಂಹದ ಪುಟಕ್ಕಿಂತ ಇದು ರುಚಿಯಾದ ಪುಟ. ಯಾಕೆಂದರೆ ಈ ಎರಡೂ ಪ್ರಾಣಿ ತಮಗೆ ಕಾಣದ ಊಟವನ್ನು ಹಿಡಿದು ತಿನ್ನುತ್ತವೆ. ಗೂಬೆಗೆ ಕತ್ತಲು ಅಡ್ಡ, ತೊರಕೆಗೆ ಮರಳು ಅಡ್ಡ. ಅದನ್ನು ದಾಟಲು ಒಂದು ಕಿವಿಯನ್ನು ನಂಬಿತು. ಇನ್ನೊಂದು ಕರೆಂಟನ್ನು.

ಮೊದಲು ಗೂಬೆ. ವಿಜಯಪುರದಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ಊರಾಚೆಯ ಒಂದು ಹಾಳು ವಾಡೆಗೆ ಹುಡುಗರನ್ನು ಕರೆದುಕೊಂಡು ಹೋಗುತ್ತಿದ್ದೆ. ತೊಲೆಯ ಕೆಳಗೆ ನೆಲದ ಮೇಲೆ ಕಪ್ಪು ಉಂಡೆಗಳು ಬಿದ್ದಿರುತ್ತಿದ್ದವು. ಹೆಬ್ಬೆರಳಿನ ದಪ್ಪ. ಹೊಸದಾದರೆ ಮೇಲೆ ವಾರ್ನಿಷ್ ಬಳಿದ ಹಾಗೆ ಹೊಳಪು. ಹುಡುಗರು ಹಿಕ್ಕೆ ಅಂದುಕೊಂಡು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಿಕ್ಕೆಯಲ್ಲ, ಗೂಬೆ ಕಾರಿದ್ದು. ಇಲಿಯನ್ನು ಇಡಿಯಾಗಿ ನುಂಗುತ್ತದೆ, ಕೂದಲು ಎಲುಬು ಅರಗುವುದಿಲ್ಲ. ಅವನ್ನೆಲ್ಲ ಹೊಟ್ಟೆಯಲ್ಲೇ ಉಂಡೆ ಕಟ್ಟಿ ಬಾಯಿಂದ ಹೊರಗೆ ಹಾಕುತ್ತದೆ. ಬಿಸಿನೀರಲ್ಲಿ ನೆನೆಸಿ ಸೂಜಿಯಿಂದ ಬಿಡಿಸುತ್ತ ಕೂತರೆ ಒಂದೊಂದಾಗಿ ಎಲುಬು ಸಿಗುತ್ತವೆ. ಒಮ್ಮೆ ಒಂದೇ ಉಂಡೆಯಲ್ಲಿ ನಾಲ್ಕು ತಲೆಬುರುಡೆ ಸಿಕ್ಕವು. ಮೂರು ಇಲಿಯವು, ಮುಂದಿನ ಹಲ್ಲು ಕಿತ್ತಳೆ ಬಣ್ಣ. ಇನ್ನೊಂದರ ಮೂತಿ ಚೂಪು, ಅದು ಸುಂಡಿಲಿ. ಮೂಗು ಮುಚ್ಚಿಕೊಂಡಿದ್ದ ಹುಡುಗನೇ ಅವನ್ನು ಹಾಳೆಯ ಮೇಲೆ ಸಾಲಾಗಿ ಜೋಡಿಸಿ, 'ಸರ್, ಒಂದ ರಾತ್ರಿಗೆ ಇಷ್ಟು ತಿಂದೈತೇನ್ರಿ?' ಅಂದ.

ಅಷ್ಟು ಇಲಿಯನ್ನು ಕತ್ತಲಲ್ಲಿ ಹೇಗೆ ಹಿಡಿಯುತ್ತದೆ? ಗೂಬೆಯ ಕಣ್ಣು ಚುರುಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಣಜ ಗೂಬೆಯ ನಿಜವಾದ ಆಯುಧ ಅದರ ಮುಖ. ಹೃದಯದ ಆಕಾರದ ಆ ಬಿಳಿ ತಟ್ಟೆ ಚಂದಕ್ಕೆ ಇರುವುದಲ್ಲ. ಗಟ್ಟಿ ಪುಕ್ಕಗಳಿಂದ ಕಟ್ಟಿದ ಬಟ್ಟಲು ಅದು. ಬಂದ ಶಬ್ದವನ್ನು ಬಾಚಿ ಕಿವಿಗೆ ಸುರಿಯುತ್ತದೆ. ಕಿವಿಗಳು ಆ ಪುಕ್ಕದ ಅಂಚಿನ ಹಿಂದೆ ಅಡಗಿವೆ. ಅಲ್ಲೊಂದು ಚಮತ್ಕಾರವಿದೆ: ಎಡಗಿವಿ ಸ್ವಲ್ಪ ಮೇಲೆ, ಬಲಗಿವಿ ಸ್ವಲ್ಪ ಕೆಳಗೆ. ಎಡದ್ದು ಕೆಳಮುಖ, ಬಲದ್ದು ಮೇಲ್ಮುಖ. ಒಟ್ಟಿನಲ್ಲಿ ಸೊಟ್ಟ ಮುಖ, ಪುಕ್ಕ ಅದನ್ನು ಮುಚ್ಚಿದೆ ಅಷ್ಟೇ.

ಸೊಟ್ಟ ಯಾಕೆ ಬೇಕು ಅಂತ ತಿಳಿಯಲು ಮನೆಯಲ್ಲೇ ಒಂದು ಆಟ ಆಡಿಸಿ. ಮಗನಿಗೆ ಕಣ್ಣು ಮುಚ್ಚಲು ಹೇಳಿ. ಅವನ ಎಡಕ್ಕೋ ಬಲಕ್ಕೋ ಕೀಲಿಕೈ ಗೊಂಚಲು ಅಲ್ಲಾಡಿಸಿ. ತಟ್ಟನೆ ಬೆರಳು ತೋರಿಸುತ್ತಾನೆ. ಆಮೇಲೆ ಅವನ ಮೂಗಿನ ನೇರಕ್ಕೆ ಬನ್ನಿ. ಒಮ್ಮೆ ನೆತ್ತಿಯ ಮೇಲೆ, ಒಮ್ಮೆ ಗದ್ದದ ಕೆಳಗೆ, ಒಂದೇ ಸಲ ಚಿಟಿಕೆ ಹೊಡೆಯಿರಿ. ತಡವರಿಸುತ್ತಾನೆ. ನಮ್ಮ ಎರಡು ಕಿವಿ ಒಂದೇ ಮಟ್ಟದಲ್ಲಿವೆ. ಬದಿಯಿಂದ ಬಂದ ಶಬ್ದ ಒಂದು ಕಿವಿಗೆ ಮೊದಲು ತಲುಪುತ್ತದೆ, ಇನ್ನೊಂದಕ್ಕೆ ಚೂರು ತಡವಾಗಿ. ಅದರಿಂದ ಎಡ-ಬಲ ಗೊತ್ತಾಗುತ್ತದೆ. ನೇರ ಮುಂದಿನಿಂದ ಬಂದರೆ ಮೇಲಿನದಾಗಲಿ ಕೆಳಗಿನದಾಗಲಿ ಎರಡೂ ಕಿವಿಗೆ ಒಟ್ಟಿಗೇ ತಲುಪುತ್ತದೆ. ಗೂಬೆಗೆ ಹಾಗಲ್ಲ. ಕೆಳಗಿನ ಸದ್ದು ಎಡಗಿವಿಗೆ ಜೋರು, ಮೇಲಿನದು ಬಲಗಿವಿಗೆ ಜೋರು. ಸಮಯದ ವ್ಯತ್ಯಾಸದಿಂದ ಎಡ-ಬಲ, ಜೋರಿನ ವ್ಯತ್ಯಾಸದಿಂದ ಮೇಲೆ-ಕೆಳಗೆ. ಆ ಸಮಯದ ವ್ಯತ್ಯಾಸವೆಂದರೂ ಎಷ್ಟು? ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದ ಒಂದೆರಡು ಪಾಲು. ಅಷ್ಟರಲ್ಲೇ ಲೆಕ್ಕ ಮುಗಿಯುತ್ತದೆ.

ಗೋಲಗುಂಬಜ್‌ನ ಪಿಸುಗುಡುವ ಗ್ಯಾಲರಿಗೆ ಮಗನನ್ನು ಕರೆದುಕೊಂಡು ಹೋಗಿದ್ದೀರಾ? ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಗುಮ್ಮಟದ ಆಚೆ ತುದಿಯಲ್ಲಿ ಕೂತವರಿಗೆ ಕೇಳುತ್ತದೆ. ಗೂಬೆಯ ಮುಖವನ್ನು ಅದಕ್ಕೆ ಹೋಲಿಸಿ ಪಾಠ ಮಾಡುತ್ತಿದ್ದವನು ನಾನು. ಒಂದು ದಿನ ಅಲ್ಲೇ ಕೂತಿದ್ದಾಗ ನನ್ನ ತಪ್ಪು ನನಗೇ ಹೊಳೆಯಿತು. ಗುಮ್ಮಟದಲ್ಲಿ ದನಿ ಗೋಡೆಗುಂಟ ಸುತ್ತಿ ಬರುತ್ತದೆ. ಮಾತಾಡಿದವರು ಆಚೆ ಇದ್ದರೂ ಪಕ್ಕದ ಗೋಡೆಯೇ ಮಾತಾಡಿದ ಹಾಗೆ ಅನಿಸುತ್ತದೆ. ಅಂದರೆ ಕೇಳಿಸುತ್ತದೆ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಗೂಬೆಗೆ ಬೇಕಾದದ್ದು ಆ 'ಎಲ್ಲಿಂದ' ಮಾತ್ರ. ಗುಂಬಜ್‌ನಲ್ಲಿ ಬಿಟ್ಟರೆ ಗೂಬೆಯೂ ಉಪವಾಸ ಬಿದ್ದೀತು.

ಇದನ್ನೆಲ್ಲ ಸಾಬೀತು ಮಾಡಿದವರು ಅಮೆರಿಕದ ರೋಜರ್ ಪೇನ್. ಮುಂದೆ ತಿಮಿಂಗಿಲಗಳ ಹಾಡು ಕೇಳಿಸಿ ಹೆಸರಾದವರು ಇವರೇ. ಒಂದು ಕೋಣೆಗೆ ಪೂರ್ತಿ ಕತ್ತಲು ಕವಿಸಿ, ನೆಲಕ್ಕೆ ಒಣ ಎಲೆ ಹರಡಿ, ಇಲಿ ಬಿಟ್ಟರು. ಎಲೆ ಸರಗುಟ್ಟಿತು, ಗೂಬೆ ಬಂದು ಎರಗಿತು. ವಾಸನೆ ಹಿಡಿದಿರಬಹುದಲ್ಲ, ಇಲಿಯ ಮೈಬಿಸಿ ತಿಳಿದಿರಬಹುದಲ್ಲ? ಆ ಅನುಮಾನಕ್ಕೆ ಕಾಗದದ ಉಂಡೆಯನ್ನು ದಾರ ಕಟ್ಟಿ ಎಳೆದು ನೋಡಿದರು. ಗೂಬೆ ಕಾಗದದ ಮೇಲೂ ಎರಗಿತು. ಒಂದು ಕಿವಿಗೆ ಹತ್ತಿ ತುರುಕಿದಾಗ ಗುರಿ ತಪ್ಪಿತು. ಅಲ್ಲಿಗೆ ತೀರ್ಮಾನವಾಯಿತು: ಮೂಗಲ್ಲ, ಬಿಸಿಯಲ್ಲ, ಕಿವಿ. ಆ ಲೇಖನ ಅಚ್ಚಾದ ವರ್ಷ 1971. ಈ ವರ್ಷ ನೆನಪಿಡಿ, ಮತ್ತೆ ಬರುತ್ತದೆ. ಮುಂದೆ 1978ರಲ್ಲಿ ಕನುಡ್ಸನ್ ಮತ್ತು ಕೊನಿಶಿ ಅನ್ನುವ ಇಬ್ಬರು ವಿಜ್ಞಾನಿಗಳು ಗೂಬೆಯ ಮೆದುಳಿನಲ್ಲಿ ಶಬ್ದದ ನಕಾಶೆಯನ್ನೇ ಕಂಡುಹಿಡಿದರು. ಒಂದು ದಿಕ್ಕಿನ ಸದ್ದಿಗೆ ಒಂದು ನರಕೋಶ, ಪಕ್ಕದ ದಿಕ್ಕಿಗೆ ಪಕ್ಕದ ಕೋಶ.

ಇಷ್ಟೆಲ್ಲ ಕೇಳಿಸಿಕೊಳ್ಳಬೇಕಾದರೆ ತನ್ನ ರೆಕ್ಕೆಯೇ ಗಲಾಟೆ ಮಾಡಬಾರದು. ಪಾರಿವಾಳ ಎದ್ದರೆ ಪಟಪಟ ಅನ್ನುತ್ತದೆ, ಗೂಬೆ ತಲೆಯ ಮೇಲಿಂದ ಹೋದರೂ ಗೊತ್ತಾಗುವುದಿಲ್ಲ. ರೆಕ್ಕೆಯ ಮುಂದಿನ ಗರಿಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಾಲಿದೆ, ಮೇಲೆ ಮಕಮಲ್ಲಿನ ನವಿರು. ಗಾಳಿ ಅಲ್ಲಿ ಹರಿದು ಹಂಚಿಹೋಗುತ್ತದೆ. ಎಲ್ಲಾದರೂ ಗರಿ ಬಿದ್ದಿದ್ದರೆ ಬೆರಳಾಡಿಸಿ ನೋಡಲಿ.

ಇನ್ನು ತೊರಕೆ. ಬೆಳಗಾವಿಗೆ ಹೋದಾಗಲೆಲ್ಲ ನಾನು ಮೀನು ಮಾರ್ಕೆಟ್ಟಿಗೆ ಒಂದು ಸುತ್ತು ಹಾಕುತ್ತೇನೆ. ತಿನ್ನಲಿಕ್ಕಲ್ಲ, ಸುಮ್ನೆ ನೋಡಲಿಕ್ಕೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಮೀನು ಅಲ್ಲಿರುತ್ತದೆ. ಮರಾಠಿ ಮಾತಾಡುವವರು ತೊರಕೆಗೆ ಪಾಕಟ್ ಅನ್ನುತ್ತಾರೆ. ದೊಡ್ಡದಾದರೆ ತುಂಡು ಮಾಡಿಟ್ಟಿರುತ್ತಾರೆ. ಒಮ್ಮೆ ಮೊರದಗಲದ್ದು ಇಡಿಯಾಗಿ ಸಿಕ್ಕಿತು. ಮಾರುವ ಅಕ್ಕ ನನ್ನ ಕುತೂಹಲ ನೋಡಿ ಅದನ್ನು ಅಂಗಾತ ಹಾಕಿದರು. ಬಿಳಿ ಹೊಟ್ಟೆಯ ಮೇಲೆ ಎರಡು ಕಣ್ಣು, ಕೆಳಗೊಂದು ನಗುವ ಬಾಯಿ. ಪಕ್ಕದಲ್ಲಿದ್ದ ಒಂದು ಮಗು 'ಇದು ನಗಾಕತ್ತೈತಿ ನೋಡ್ರಿ' ಅಂತ ಕುಣಿಯಿತು. ನಿಮ್ಮ ಮಗನೂ ಗೋವಾದಲ್ಲಿ ಹಾಗೇ ಅಂದುಕೊಂಡಿರಬೇಕು. ಆ ಕಣ್ಣು ಕಣ್ಣಲ್ಲ, ಮೂಗಿನ ಹೊಳ್ಳೆ. ನಿಜವಾದ ಕಣ್ಣು ಬೆನ್ನ ಮೇಲಿದೆ. ಬಾಯಿ ಮಾತ್ರ ಕೆಳಗೆ.

ಸ್ವಲ್ಪ ಯೋಚನೆ ಮಾಡಿ. ಕಣ್ಣು ಮಾಳಿಗೆಯ ಮೇಲೆ, ಬಾಯಿ ನೆಲಮಾಳಿಗೆಯಲ್ಲಿ. ತೊರಕೆ ತಾನು ಬಾಯಿಗೆ ಹಾಕಿಕೊಳ್ಳುವ ತುತ್ತನ್ನು ನೋಡುವುದೇ ಇಲ್ಲ. ಅದು ತಿನ್ನುವ ಏಡಿ, ಸಿಗಡಿ, ಚಿಪ್ಪಿನ ಹುಳು, ಸಣ್ಣ ಮೀನು ಎಷ್ಟೋ ಸಲ ಮರಳಿನೊಳಗೆ ಹೂತುಕೊಂಡಿರುತ್ತವೆ.

ಆ ದಿನ ನಾನು ಅದರ ಬಾಯಿಯ ಸುತ್ತ ಬೆರಳಿಟ್ಟು ಒತ್ತಿದೆ. ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಗುಂಡುಸೂಜಿಯಿಂದ ಚುಚ್ಚಿದ ಹಾಗೆ. ಒತ್ತಿದಾಗ ಅವುಗಳಿಂದ ನೀರಿನಂಥ ಅಂಟು ಲೋಳೆ ಬಂತು. ಮಾರುವ ಅಕ್ಕ 'ತಾಜಾ ಐತ್ರಿ ಸರ್' ಅಂದರು. ನಾನು ತಾಜಾತನ ನೋಡುತ್ತಿದ್ದೇನೆ ಅಂದುಕೊಂಡರು, ಪಾಪ. ನಾನು ನೋಡುತ್ತಿದ್ದದ್ದು ತೊರಕೆಯ ಆರನೇ ಇಂದ್ರಿಯವನ್ನು. 1678ರಲ್ಲಿ ಇಟಲಿಯ ಸ್ಟೆಫಾನೋ ಲೊರೆಂಜಿನಿ ಇದನ್ನು ವಿವರವಾಗಿ ಬರೆದಿಟ್ಟ. ಅದಕ್ಕೆ ಅವನ ಹೆಸರೇ ಉಳಿದಿದೆ. ರಂಧ್ರದಿಂದ ಒಳಗೆ ಲೋಳೆ ತುಂಬಿದ ಕೊಳವೆ, ಕೊಳವೆಯ ತುದಿಗೆ ಒಂದು ಪುಟ್ಟ ಕುಡಿಕೆ. ಇದು ಯಾಕಿದೆ ಅಂತ ಹೇಳಲು ಸುಮಾರು ಮುನ್ನೂರು ವರ್ಷ ಬೇಕಾಯಿತು.

ಹೇಳಿದವರು ಡಚ್ ವಿಜ್ಞಾನಿ ಕಾಲ್ಮೈನ್. ಅವರು ಒಂದು ಸಣ್ಣ ಶಾರ್ಕ್ ಜಾತಿಯನ್ನೂ ತೊರಕೆಯ ನೆಂಟ ಜಾತಿಯೊಂದನ್ನೂ ತೊಟ್ಟಿಯಲ್ಲಿ ಬಿಟ್ಟರು. ಮರಳಿನ ಕೆಳಗೆ ಜೀವಂತ ಚಪ್ಪಟೆ ಮೀನನ್ನು ಅಡಗಿಸಿಟ್ಟರು. ಅದರ ಮೇಲೆ ಅಗರ್ ಅನ್ನುವ ಜೆಲ್ಲಿಯ ಹೊದಿಕೆ. ಜೆಲ್ಲಿ ವಾಸನೆ ತಡೆಯುತ್ತದೆ, ಕರೆಂಟ್ ತಡೆಯುವುದಿಲ್ಲ. ಹಸಿದ ಶಾರ್ಕ್ ನೇರ ಅಲ್ಲಿಗೇ ಬಂತು. ಜೀವಂತ ಮೀನಿನ ಬದಲು ಸತ್ತ ಮೀನಿನ ತುಂಡು ಇಟ್ಟಾಗ ಸುಳಿವೇ ಹತ್ತಲಿಲ್ಲ. ಜೆಲ್ಲಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ, ಅಂದರೆ ಕರೆಂಟನ್ನೂ ತಡೆದರೆ, ಜೀವಂತ ಮೀನೂ ಮಾಯ. ಕೊನೆಗೆ ಮೀನನ್ನೇ ತೆಗೆದು, ಮರಳಿನಲ್ಲಿ ಎರಡು ವೈರು ಹೂತು, ಮೀನು ಹೊರಡಿಸುವಷ್ಟೇ ಸಣ್ಣ ಕರೆಂಟ್ ಹರಿಸಿದರು. ಬಂದು ವೈರಿನ ಮೇಲೇ ಎರಗಿದವು.

ಈ ಲೇಖನವೂ 1971ರದ್ದೇ. ಅದೂ ಪೇನ್ ಅವರ ಗೂಬೆ ಲೇಖನ ಬಂದ ಪತ್ರಿಕೆಯಲ್ಲೇ, ಇಂಗ್ಲೆಂಡಿನ ಪ್ರಾಯೋಗಿಕ ಜೀವಶಾಸ್ತ್ರದ ಪತ್ರಿಕೆ. ಒಂದೇ ವರ್ಷ, ಒಂದೇ ಪತ್ರಿಕೆ. ಒಬ್ಬರು ಕಾಗದದ ಉಂಡೆ ತೋರಿಸಿ ಗೂಬೆಯನ್ನು ಏಮಾರಿಸಿದರು, ಇನ್ನೊಬ್ಬರು ವೈರು ತೋರಿಸಿ ಶಾರ್ಕ್ ತೊರಕೆಗಳನ್ನು. ನಿಮ್ಮ ಮಗ ನಡುವೆ ಎಳೆದ ಗೆರೆಯ ಮೇಲೆ ನಾನಾದರೆ ಈ ವರ್ಷವನ್ನು ಬರೆಯುತ್ತೇನೆ.

ಮೀನಿನಿಂದ ಕರೆಂಟ್ ಎಲ್ಲಿಂದ ಬಂತು ಅಂತ ಅವನು ಕೇಳಿಯೇ ಕೇಳುತ್ತಾನೆ. ಮೀನಿನ ಮೈಯೊಳಗಿನ ಉಪ್ಪು ಬೇರೆ, ಸಮುದ್ರದ ಉಪ್ಪು ಬೇರೆ. ಕಿವಿರಿನ ಹತ್ತಿರ ಇವೆರಡೂ ತೆಳ್ಳನೆಯ ಪರದೆಯ ಆಚೀಚೆ ಇರುತ್ತವೆ, ಅಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಉಸಿರಾಡಿದ ಹಾಗೆ ಅದು ಏರಿಳಿಯುತ್ತದೆ. ಮೀನು ಅಲ್ಲಾಡದೆ ಅಡಗಬಹುದು, ಆದರೆ ಉಸಿರು ಬಿಡದೆ ಇರಲಾರದು. ಈ ಗುಂಪಿನ ಪ್ರಾಣಿಗಳು ಒಂದು ಸೆಂಟಿಮೀಟರಿಗೆ ವೋಲ್ಟಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಕರೆಂಟನ್ನೂ ಗುರುತಿಸಬಲ್ಲವು. ಕ್ಯಾಲಿಫೋರ್ನಿಯಾ ಕೊಲ್ಲಿಯ ಒಂದು ಜಾತಿಯ ಗಂಡು ತೊರಕೆಗಳು ಮರಳಲ್ಲಿ ಹೂತು ಕೂತ ಹೆಣ್ಣನ್ನೂ ಹೀಗೇ ಹುಡುಕಿಕೊಂಡು ಹೋಗುತ್ತವೆ.

ಗೂಬೆ ಯಾಕೆ ಕರೆಂಟ್ ಕಲಿಯಲಿಲ್ಲ, ತೊರಕೆ ಯಾಕೆ ಕಿವಿ ನೆಚ್ಚಲಿಲ್ಲ? ಗಾಳಿಯಲ್ಲಿ ಇಷ್ಟು ಸಣ್ಣ ಕರೆಂಟ್ ಹರಿಯುವುದೇ ಇಲ್ಲ. ಉಪ್ಪುನೀರಿನಲ್ಲಿ ಸಲೀಸು. ಶಬ್ದದ ಕಥೆ ಉಲ್ಟಾ. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1500. ಅಷ್ಟು ಜೋರಾಗಿ ಬಂದರೆ ಎರಡು ಕಿವಿಯ ನಡುವಿನ ಸಮಯದ ವ್ಯತ್ಯಾಸ ಇನ್ನೂ ಕುಗ್ಗಿಹೋಗುತ್ತದೆ. ಹಾಗಂತ ತೊರಕೆಯ ಆಯುಧ ದೂರಕ್ಕೆ ಸಾಗುವುದಿಲ್ಲ. ಗೇಣು, ಮೊಳದ ಲೆಕ್ಕ. ದೂರದಿಂದ ವಾಸನೆ ಹಿಡಿದು ಬಂದು, ಕೊನೆಯ ಗೇಣಿಗೆ ಕರೆಂಟ್ ಬಳಸುತ್ತದೆ. ಗೂಬೆ ಹೊಲದ ಬದುವಿನಲ್ಲಿ ಕೂತು ಆಚೆ ಬದಿಯ ಸರಸರ ಕೇಳಿಸಿಕೊಳ್ಳಬಲ್ಲದು. ಇದೊಂದು ಕಾಲಮಿನಲ್ಲಿ ನನ್ನ ಮಾರ್ಕು ಗೂಬೆಗೆ.

ಉಳಿದ ಕಾಲಮುಗಳನ್ನು ಬೇಗ ತುಂಬಿಸೋಣ. ಗೂಬೆಗೆ ಟೊಳ್ಳು ಎಲುಬು. ತೊರಕೆಗೆ ಎಲುಬೇ ಇಲ್ಲ, ನಮ್ಮ ಕಿವಿಯ ತುದಿಯಂತೆ ಬಗ್ಗುವ ಮೆದು ಎಲುಬು ಮಾತ್ರ, ಶಾರ್ಕಿಗಿದ್ದಂತೆ. ಗೂಬೆಯ ಮೈ ಮಕಮಲ್ಲು, ತೊರಕೆಯ ಬೆನ್ನು ಉಪ್ಪುಕಾಗದದ ಹಾಗೆ ಒರಟು. ಜಪಾನಿನಲ್ಲಿ ತೊರಕೆ ಚರ್ಮವನ್ನು ಕತ್ತಿಯ ಹಿಡಿಕೆಗೆ ಸುತ್ತುತ್ತಿದ್ದರು, ಬೆವರಿದ ಕೈ ಜಾರದಿರಲಿ ಅಂತ. ಗೂಬೆಯ ಕುತ್ತಿಗೆಯಲ್ಲಿ 14 ಎಲುಬು, ನಮಗೆ 7. ಅದಕ್ಕೇ ಅದು ತಲೆಯನ್ನು 270 ಡಿಗ್ರಿಯವರೆಗೆ ತಿರುಗಿಸುತ್ತದೆ. ತೊರಕೆಗೆ ಕುತ್ತಿಗೆ ಅನ್ನುವುದೇ ಇಲ್ಲ.

ಮರಿಯ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಗೂಬೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆ ಇಡುತ್ತದೆ, ಒಂದೆರಡು ದಿನ ಬಿಟ್ಟು ಒಂದೊಂದು. ಒಡೆಯುವುದೂ ಹಾಗೇ. ಅದಕ್ಕೇ ಒಂದೇ ಗೂಡಿನಲ್ಲಿ ದೊಡ್ಡಣ್ಣನಿಂದ ಚಿಕ್ಕ ಕೂಸಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಮರಿ ಕಾಣುತ್ತವೆ. ತೊರಕೆ ಮೊಟ್ಟೆ ಹೊರಗಿಡುವುದಿಲ್ಲ, ಮರಿ ಹಾಕುತ್ತದೆ. ಹೊಟ್ಟೆಯೊಳಗಿನ ಮರಿಗೆ ಗರ್ಭದ ಗೋಡೆಯಿಂದಲೇ ಪೌಷ್ಟಿಕ ದ್ರವ ಒಸರುತ್ತದೆ. ವಿಜ್ಞಾನಿಗಳು ಅದನ್ನು ಗರ್ಭದ ಹಾಲು ಅಂತಲೇ ಕರೆಯುತ್ತಾರೆ. ನಾವೋ, ಹಾಲಿಗೂ ಸಂಬಂಧವಿಲ್ಲದ ಇನ್ನೊಂದು ಪುಟ್ಟ ಗೂಬೆಗೆ ಹಾಲಕ್ಕಿ ಅಂತ ಹೆಸರಿಟ್ಟು ಕೂತಿದ್ದೇವೆ.

ಅಪಾಯದ ಮಾತಿಗೆ ಬರೋಣ. ತೊರಕೆಯ ಬಾಲದ ಮೇಲೆ ಗರಗಸದ ಹಲ್ಲಿನ ಮುಳ್ಳಿದೆ, ಅದರ ಕೆಳಗಿನ ತೋಡಿನಲ್ಲಿ ವಿಷ. ನಾನು ಆರಿಸಿದ ಜಾತಿಯಲ್ಲಿ ಮುಳ್ಳು ಬಾಲದಲ್ಲಿ ತುಂಬ ಹಿಂದಕ್ಕಿದೆ, ಹೀಗಾಗಿ ಬೀಸಿದರೆ ದೂರಕ್ಕೆ ತಗಲುತ್ತದೆ. ಟಿವಿಯಲ್ಲಿ ಕಾಡುಪ್ರಾಣಿಗಳನ್ನು ತೋರಿಸುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ಎದೆಗೆ ತೊರಕೆಯ ಮುಳ್ಳು ಹೊಕ್ಕು ತೀರಿಕೊಂಡರು. ಅಂಥದ್ದು ತೀರ ಅಪರೂಪ. ತೊರಕೆ ಬೆನ್ನಟ್ಟಿ ಬಂದು ಚುಚ್ಚುವುದಿಲ್ಲ, ತುಳಿದರೆ ಚುಚ್ಚುತ್ತದೆ. ಗೋವಾದಲ್ಲೋ ಕಾರವಾರದಲ್ಲೋ ನೀರಿಗಿಳಿದರೆ ಹೆಜ್ಜೆ ಎತ್ತಿ ಇಡಬೇಡಿ, ಮರಳಿನಲ್ಲಿ ಕಾಲು ಎಳೆಯುತ್ತ ನಡೆಯಿರಿ. ಅದಕ್ಕೆ ಸುಳಿವು ಸಿಕ್ಕಿ ತಾನೇ ಸರಿದುಹೋಗುತ್ತದೆ. ಕಾಲಿಗೆ ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧದಿಂದ ಒಂದೂವರೆ ತಾಸು ಕಾಲಿಡಬೇಕು, ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಲಿ, ನೋವಿನಲ್ಲಿದ್ದವರಿಗೆ ಸುಟ್ಟದ್ದು ತಿಳಿಯುವುದಿಲ್ಲ. ಆಮೇಲೆ ಆಸ್ಪತ್ರೆ. ಮುಳ್ಳಿನ ಚೂರು ಒಳಗೇ ಉಳಿದಿರಬಹುದು. ಎದೆ ಹೊಟ್ಟೆಗೆ ಹೊಕ್ಕಿದ್ದರೆ ಮುಳ್ಳನ್ನು ಕೀಳಲೇಬಾರದು.

ಆಲಮಟ್ಟಿ ಹಿನ್ನೀರಿಗೆ ತೊರಕೆ ಬರುವುದಿಲ್ಲ. ಗಂಗೆಯಂಥ ನದಿಯಲ್ಲಿ ಸಿಹಿನೀರಿಗೆ ಏರುವ ಜಾತಿಗಳು ಇವೆ, ನಿಜ. ಆದರೆ ಕೃಷ್ಣೆಗೆ ಅಡ್ಡವಾಗಿ ವಿಜಯವಾಡದ ಬ್ಯಾರೇಜ್, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ, ನಾರಾಯಣಪುರ ಇಷ್ಟು ಗೋಡೆಗಳಿವೆ. ಅವನ್ನೆಲ್ಲ ದಾಟಿ ಆಲಮಟ್ಟಿಗೆ ಯಾವ ತೊರಕೆ ಬಂದೀತು? ತೊರಕೆಗೆ ಹೆದರದೆ ಇಳಿಯಬಹುದು. ಮೊಸಳೆಯ ಮಾತು ಬೇರೆ.

ಇನ್ನು ನಿಮ್ಮ ಅಟ್ಟ. ಕಣಜ ಗೂಬೆ ಗೂಕ್ ಗೂಕ್ ಅನ್ನುವುದಿಲ್ಲ, ಕಿರುಚುತ್ತದೆ. ಮರಿಗಳು ಹಸಿದಾಗ ಬುಸ್ ಬುಸ್ ಅನ್ನುತ್ತವೆ. ನನ್ನ ಪರಿಚಯದ ಒಬ್ಬರ ಮನೆಯಲ್ಲಿ ಅಟ್ಟದಿಂದ ಆ ಸದ್ದು ಕೇಳಿ ಹಾವು ಹಿಡಿಯುವವರನ್ನು ಕರೆಸಿದ್ದರು. ಅವರು ಏಣಿ ಹತ್ತಿ ಇಣುಕಿ, ಐದು ಬಿಳಿ ಮುಖ ಒಟ್ಟಿಗೆ ತಿರುಗಿದ್ದು ನೋಡಿ ಹಾವಿಗಿಂತ ಜಾಸ್ತಿ ಹೆದರಿದರು. ಗೂಬೆ ಹೊಕ್ಕ ಮನೆ ಹಾಳಾಗುತ್ತದೆ ಅನ್ನುವುದು ಅತ್ತೆಯವರ ಭಯ ಇರಬಹುದು. ಲೆಕ್ಕ ತಿರುಗಿಸಿ ನೋಡಿ: ಜನ ಬಿಟ್ಟ ಮನೆಯಲ್ಲಿ ಗದ್ದಲ ಇಲ್ಲ, ಸಂದುಗೊಂದು ಜಾಸ್ತಿ, ಇಲಿ ಜಾಸ್ತಿ. ಮನೆ ಹಾಳಾದ ಮೇಲೆ ಗೂಬೆ ಬಂತು, ನಾವು ಅದರ ಮೇಲೇ ಗೂಬೆ ಕೂರಿಸಿದೆವು. ಅತ್ತೆಯವರಿಗೆ ಇದನ್ನು ವಾದ ಮಾಡಿ ಹೇಳಬೇಡಿ. ಒಂದು ಉಂಡೆ ಬಿಡಿಸಿ ಬುರುಡೆ ಎಣಿಸಿ ತೋರಿಸಿ. ಮನೆಯಲ್ಲಿ ಜೋಳದ ಚೀಲ ಇದ್ದವರಿಗೆ ಆ ಎಣಿಕೆ ತಾನೇ ಮಾತಾಡುತ್ತದೆ.

ಓಡಿಸಲಿಕ್ಕೂ ಹೋಗಬೇಡಿ. ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಅಮಾವಾಸ್ಯೆ ಹತ್ತಿರ ಬಂದಾಗ ಯಾರಾದರೂ ಬಂದು ಗೂಬೆ ಇದೆಯಾ, ಕೊಡ್ತೀರಾ ಅಂತ ವಿಚಾರಿಸಿದರೆ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ. ಮರಿ ಇದ್ದರೆ ಎರಡು ತಿಂಗಳು ತಾಳಿಕೊಳ್ಳಿ, ಹಾರಿಹೋಗುತ್ತವೆ. ಅಷ್ಟು ದಿನ ಇಲಿ ಪಾಷಾಣ ಇಡಬೇಡಿ. ಅದರಲ್ಲೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮದ್ದು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ತೂರಾಡುತ್ತ ಓಡಾಡುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ, ವಿಷ ಅಲ್ಲಿಗೆ ದಾಟುತ್ತದೆ.

ಗೂಡು ಖಾಲಿಯಾದ ಮೇಲೆ ಅಟ್ಟ ಗುಡಿಸುತ್ತೀರಲ್ಲ, ಆಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಂಡೆಗಳನ್ನು ತಿಪ್ಪೆಗೆ ಹಾಕಬೇಡಿ. ಒಂದು ಖಾಲಿ ಡಬ್ಬಿಗೆ ತುಂಬಿ, ಎರಡು ದಿನ ಬಿಸಿಲಿಗಿಟ್ಟು ಮಗನಿಗೆ ಕೊಡಿ. ಎಷ್ಟು ಬುರುಡೆ ಸಿಕ್ಕವು, ಅದರಲ್ಲಿ ಸುಂಡಿಲಿ ಎಷ್ಟು ಅಂತ ಬರೆದು ಕಳಿಸಲಿ.